ಆಕಾಶದಿಂದ ತಂತಿಯಿಲ್ಲದೆ ಕರೆಂಟು: ಆಗುತ್ತಾ? ನಮ್ಮೂರಿಗೆ ಬರುತ್ತಾ?

ನಂಜನಗೂಡು/ತಿ.ನರಸೀಪುರ: ತ್ರೀಫೇಸ್ ರಾತ್ರಿ ಪಾಳಿಯಲ್ಲಿ ಬಂದರೆ ಟಾರ್ಚ್ ಹಿಡಿದು ಪಂಪ್‌ಸೆಟ್ ಹತ್ತಿರ ಓಡೋದು ನಮ್ಮ ಭಾಗದ ರೈತರಿಗೆ ಹೊಸದೇನಲ್ಲ. ಸೋಲಾರ್ ಹಾಕಿಸಿದರೂ ಹೊತ್ತು ಮುಳುಗಿದ ಮೇಲೆ ಅದು ಕೆಲಸ ಮಾಡಲ್ಲ. ಹಾಗಾದರೆ ಹೊತ್ತು ಮುಳುಗದ ಕಡೆಯೇ ಪ್ಯಾನೆಲ್ ಇಟ್ಟರೆ? ಬಾಹ್ಯಾಕಾಶದಲ್ಲಿ ಕರೆಂಟು ತಯಾರಿಸಿ ಭೂಮಿಗೆ ಇಳಿಸುವ ಯೋಚನೆ ಹುಟ್ಟಿದ್ದೇ ಹೀಗೆ. ಅಮೆರಿಕದ ಎಂಜಿನಿಯರ್ ಪೀಟರ್ ಗ್ಲೇಸರ್ 1968ರಲ್ಲೇ ಇದನ್ನು ಮುಂದಿಟ್ಟಿದ್ದರು.

ದೂರಕ್ಕೆ ಕರೆಂಟು ಕಳಿಸೋದು ನಮಗೆ ಹಳೇ ಕಥೆ. ತಿ.ನರಸೀಪುರದಲ್ಲಿ ಕಪಿಲೆಯನ್ನು ಕೂಡಿಸಿಕೊಂಡ ಕಾವೇರಿ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಅಲ್ಲಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ತಂತಿ ಎಳೆದು ವಿದ್ಯುತ್ ಕೊಟ್ಟರು. ಈಗಿನ ಯೋಚನೆಯಲ್ಲಿ ದೂರ ಸುಮಾರು 36,000 ಕಿ.ಮೀ., ತಂತಿಯೂ ಇಲ್ಲ.

ಹೇಗೆ ಇಳಿಯುತ್ತೆ?

ಆ ಎತ್ತರದಲ್ಲಿರುವ ಉಪಗ್ರಹಕ್ಕೆ ಹೆಚ್ಚುಕಡಿಮೆ ವರ್ಷವಿಡೀ, ಹಗಲೂ ರಾತ್ರಿ ಬಿಸಿಲು ಸಿಗುತ್ತೆ. ಅದನ್ನು ಕರೆಂಟು ಮಾಡಿ, ಆ ಕರೆಂಟನ್ನು ಮೈಕ್ರೋವೇವ್ ಅಲೆಗಳಾಗಿಸಿ ಕೆಳಕ್ಕೆ ಬಿಡುತ್ತಾರೆ. ಮೋಡ ಇದ್ದರೂ ಅಲೆ ದಾಟಿ ಬರುತ್ತೆ. ನೆಲದ ಮೇಲೆ ಹರಡಿದ ಆಂಟೆನಾ ಬಲೆ ಅದನ್ನು ಹಿಡಿದು ಮತ್ತೆ ಕರೆಂಟು ಮಾಡುತ್ತೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಅಮೆರಿಕದ ಗೋಲ್ಡ್‌ಸ್ಟೋನ್‌ನಲ್ಲಿ 1975ರಲ್ಲಿ ಒಂದೂವರೆ ಕಿ.ಮೀ. ದೂರಕ್ಕೆ 30 ಕಿಲೋವ್ಯಾಟ್‌ಗೂ ಹೆಚ್ಚು ವಿದ್ಯುತ್ ತಂತಿಯಿಲ್ಲದೆ ಮುಟ್ಟಿಸಿದ್ದರು. 2023ರಲ್ಲಿ ಕ್ಯಾಲ್ಟೆಕ್ ಸಂಸ್ಥೆಯವರು ಕಕ್ಷೆಯಲ್ಲಿದ್ದ ಉಪಕರಣದಿಂದ ಬಿಟ್ಟ ಅಲೆಯನ್ನು ತಮ್ಮ ಕಟ್ಟಡದ ಮೇಲೆ ಹಿಡಿದರು. ಆದರೆ ಅಲ್ಲಿ ಸಿಕ್ಕಿದ್ದು ಗುರುತು ಹಿಡಿಯುವಷ್ಟು ಸಂಕೇತ ಮಾತ್ರ, ಬಲ್ಬು ಉರಿಸುವಷ್ಟಲ್ಲ.

ಅದೇ ಕಿರಣ ನೌಕೆಯನ್ನೂ ತಳ್ಳುತ್ತೆ

ಬೆಳಕಿಗೂ ತಳ್ಳುವ ಶಕ್ತಿ ಇದೆ. 2003ರಲ್ಲಿ ಹಾರಿದ ನಮ್ಮ ಇನ್ಸಾಟ್-3ಎ ಉಪಗ್ರಹಕ್ಕೆ ಸೋಲಾರ್ ಪ್ಯಾನೆಲ್ ಇದ್ದಿದ್ದು ಒಂದೇ ಬದಿಗೆ. ಬಿಸಿಲಿನ ಒತ್ತಡಕ್ಕೆ ಅದು ವಾಲಬಾರದು ಅಂತ ಇನ್ನೊಂದು ಬದಿಗೆ ಹಾಯಿ ಕಟ್ಟಿದ್ದರು, ತಕ್ಕಡಿಯ ಎರಡೂ ತಟ್ಟೆ ಸರಿತೂಗಿಸಿದ ಹಾಗೆ. ಜಪಾನಿನ ಇಕಾರೋಸ್ ನೌಕೆ 2010ರಲ್ಲಿ ಬಿಸಿಲಿನ ತಳ್ಳುವಿಕೆಯಿಂದಲೇ ವೇಗ ಪಡೆಯಿತು. ಬಿಸಿಲಿನ ಬದಲು ಭೂಮಿಯಿಂದ ಭಾರೀ ಲೇಸರ್ ಬಿಟ್ಟು, ಕೆಲವೇ ಗ್ರಾಂ ತೂಕದ ನೌಕೆಯನ್ನು ಪಕ್ಕದ ನಕ್ಷತ್ರಕ್ಕೆ ಸುಮಾರು 20 ವರ್ಷದಲ್ಲಿ ಮುಟ್ಟಿಸುವ ‘ಸ್ಟಾರ್‌ಶಾಟ್’ ಯೋಜನೆಯನ್ನು 2016ರಲ್ಲಿ ಪ್ರಕಟಿಸಲಾಗಿತ್ತು.

ಮತ್ತೆ ತಡ ಯಾಕೆ?

ತೂಕ. ಅಮೆರಿಕದವರು 1970ರ ದಶಕದಲ್ಲಿ ಹಾಕಿದ 5,000 ಮೆಗಾವ್ಯಾಟ್ ನಕ್ಷೆಯಲ್ಲಿ ಒಂದು ಉಪಗ್ರಹವೇ ಹತ್ತಾರು ಸಾವಿರ ಟನ್. ಇಸ್ರೋದ ದೊಡ್ಡ ರಾಕೆಟ್ ಎಲ್‌ವಿಎಂ-3 ಆ ಎತ್ತರದ ದಾರಿಗೆ ಒಂದು ಸಲಕ್ಕೆ ಹೊರೋದು ಸುಮಾರು 4 ಟನ್. ಆ ಖರ್ಚಿಗೆ ಬರುವ ಕರೆಂಟಿನ ಯೂನಿಟ್ ರೇಟು ಯಾವ ಅಂಗಡಿಯವರಿಗೂ, ರೈತರಿಗೂ ಗಿಟ್ಟಲ್ಲ.

ಆಕಾಶದ ಕರೆಂಟಿಗೂ ಜಮೀನು ಬೇಕು

ಅದೇ ನಕ್ಷೆಯಲ್ಲಿ ನೆಲದ ಆಂಟೆನಾ 10 ಕಿ.ಮೀ. ಅಗಲ, 13 ಕಿ.ಮೀ. ಉದ್ದ. ಅಂದರೆ ಸುಮಾರು 25,000 ಎಕರೆ. ರೈತರಿಂದ ಭೋಗ್ಯಕ್ಕೆ ಪಡೆದ ಜಮೀನಿನ ಮೇಲೆ ನಿಂತಿರುವ ಪಾವಗಡ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಬಲೆಯ ಕೆಳಗೆ ಬಿಸಿಲು ಬೀಳುತ್ತೆ, ಬೆಳೆ ಬೆಳೆಯಬಹುದು ಅನ್ನೋದು ತಜ್ಞರ ಲೆಕ್ಕಾಚಾರ. ಆದರೆ ಕಿರಣದ ನಟ್ಟನಡುವೆ ಅದರ ತೀವ್ರತೆ ಮಧ್ಯಾಹ್ನದ ಬಿಸಿಲಿನ ಕಾಲು ಭಾಗದಷ್ಟು. ಅದು ಜನರು ನಿಲ್ಲುವ ಜಾಗವಲ್ಲ, ಬೇಲಿ ಹಾಕಲೇಬೇಕು.

ಹಾಗಾಗಿ ಸದ್ಯಕ್ಕೆ ನಮ್ಮ ರಾತ್ರಿ ಪಾಳಿಗೆ ಆಕಾಶದಿಂದ ಪರಿಹಾರ ಇಲ್ಲ. ಮುಂದೊಂದು ದಿನ ಯಾರಾದರೂ ಇಂಥ ಯೋಜನೆ ತಂದರೆ ‘ಯೂನಿಟ್‌ಗೆ ಎಷ್ಟು?’ ಅಂತ ಕೇಳುವ ಮೊದಲು ‘ಯಾರ ಜಮೀನು, ಎಷ್ಟು ವರ್ಷಕ್ಕೆ?’ ಅಂತ ಕೇಳಿದರೆ ಒಳ್ಳೇದು.