ಡಬ್ಬಿಯೊಳಗಿನ ಶಕ್ತಿ: ವ್ಯಾಯಾಮಕ್ಕೆ ಮುನ್ನ ಕುಡಿಯುವ ಹುಡಿಯಲ್ಲಿ ಏನಿದೆ?

ಬೆಳ್ತಂಗಡಿಯ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ನಾವು ಹೋಗಿದ್ದೆವು. ಪೂಜೆ, ಪ್ರಸಾದಗಳೆಲ್ಲ ಮುಗಿದು ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ತಾಯಿಯೊಬ್ಬರು ತಮ್ಮ ಕೈಚೀಲದಿಂದ ದೊಡ್ಡದೊಂದು ಕಪ್ಪು ಡಬ್ಬಿಯನ್ನು ತೆಗೆದು ನಮ್ಮ ಮುಂದಿಟ್ಟರು. "ಅಣ್ಣ, ಇದನ್ನೊಂದು ಓದಿ ಹೇಳಿ. ಮಗ ಜಿಮ್ಮಿಗೆ ಹೋಗುವ ಮುಂಚೆ ನೀರಿಗೆ ಕಲಸಿ ಕುಡಿಯುತ್ತಾನೆ. ಇದರಲ್ಲಿ ನಾವು ಮುಟ್ಟಬಾರದ್ದು ಏನಾದರೂ ಇದೆಯೋ?" ಎಂದು ಕೇಳಿದರು. ಸ್ವಲ್ಪ ತಡೆದು, "ರಾತ್ರಿ ಒಂದು ಗಂಟೆಯಾದರೂ ಅವನಿಗೆ ನಿದ್ದೆ ಬರುವುದಿಲ್ಲ" ಎಂದೂ ಸೇರಿಸಿದರು. ಅವರು ಮೊದಲನೆಯ ಮಾತನ್ನು ಆತಂಕದಿಂದಲೂ ಎರಡನೆಯದನ್ನು ಸಹಜವೆಂಬಂತೆಯೂ ಹೇಳಿದರು. ನಮಗಾದರೋ ಎರಡನೆಯದೇ ಹೆಚ್ಚು ಚಿಂತೆಯ ವಿಷಯವೆಂದು ತೋರಿತು.

ಪ್ರೀ ವರ್ಕೌಟ್ ಎಂದು ಕರೆಯಲ್ಪಡುವ ಈ ಹುಡಿ ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಊರುಗಳ ಮನೆಗಳನ್ನೂ ಹೊಕ್ಕಿದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಸೀಮೆಯ ಮಣ್ಣಿನಲ್ಲಿಯೇ ಕಸುವಿನ ಬಗೆಗೆ ಒಂದು ಅಭಿಮಾನವಿದೆ. ವಂಡ್ಸೆಯ ಬಡ ಕುಟುಂಬದಿಂದ ಬಂದ ಗುರುರಾಜ ಪೂಜಾರಿಯವರು ಭಾರ ಎತ್ತುವುದನ್ನು ಕಲಿತದ್ದು ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್.ಡಿ.ಎಂ. ಕಾಲೇಜಿನಲ್ಲಿ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು ಆ ಕೂಟದಲ್ಲಿ ಭಾರತದ ಮೊದಲ ಪದಕವನ್ನು ತಂದವರು ಅವರೇ. 2022ರಲ್ಲಿ ಮತ್ತೆ ಕಂಚು ಗೆದ್ದರು. 2020ರ ಫೆಬ್ರವರಿಯಲ್ಲಿ ಮೂಡುಬಿದಿರೆ ಸಮೀಪದ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿ ಲೋಕದ ಗಮನ ಸೆಳೆದರು. ಇಂತಹ ಊರಿನ ಹುಡುಗನಿಗೆ ತಾನೂ ಬಲಶಾಲಿಯಾಗಬೇಕೆಂಬ ಹಂಬಲ ಹುಟ್ಟಿದರೆ ಅದು ತಪ್ಪಲ್ಲ. ಪ್ರಶ್ನೆಯಿರುವುದು ಡಬ್ಬಿಯ ಬಗ್ಗೆ ಮಾತ್ರ.

ಆ ದಿನದ ನಂತರ ನಾವು ಇನ್ನೆರಡು ಡಬ್ಬಿಗಳನ್ನು ಸಂಪಾದಿಸಿದೆವು. ಒಂದು ಬಂಟ್ವಾಳದ ಬಿ.ಸಿ. ರೋಡಿನ ಪರಿಚಿತರ ಮನೆಯದು, ಮತ್ತೊಂದು ಮೂಡುಬಿದಿರೆಯಲ್ಲಿ ಓದುತ್ತ ಓಟದ ಅಭ್ಯಾಸ ಮಾಡುತ್ತಿರುವ ವಿದ್ಯಾರ್ಥಿಯದು. ಮೂರನ್ನೂ ಮೇಜಿನ ಮೇಲಿಟ್ಟು, ಕನ್ನಡಕದ ಜೊತೆಗೆ ಭೂತಗನ್ನಡಿಯನ್ನೂ ಹಿಡಿದು, ಇರುವೆಯ ಸಾಲಿನಂತಿದ್ದ ಆ ಅಕ್ಷರಗಳನ್ನು ಓದಿದೆವು. ಮುಂಭಾಗದಲ್ಲಿ ಸಿಂಹ, ಸಿಡಿಲು, ಬೆಂಕಿಗಳ ಚಿತ್ರ; ತಿಳಿಯಬೇಕಾದುದೆಲ್ಲ ಹಿಂಭಾಗದಲ್ಲಿ.

ಮೊದಲಿಗೆ ತಾಯಿಯ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಬೆಳ್ತಂಗಡಿಯ ಡಬ್ಬಿಯಲ್ಲಿ ಟಾರಿನ್ ಎಂಬ ಪದಾರ್ಥವಿತ್ತು. 1827ರಲ್ಲಿ ಜರ್ಮನಿಯ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತದಿಂದ. ಲ್ಯಾಟಿನ್ ಭಾಷೆಯಲ್ಲಿ ಗೂಳಿಗೆ ಇರುವ ಹೆಸರೇ ಇದಕ್ಕೆ ಬಂತು. ನಂದಿಯನ್ನು ಪೂಜಿಸುವ ಮನೆಯಲ್ಲಿ ಇದನ್ನು ಕೇಳಿದರೆ ಎದೆ ಧಸಕ್ಕೆನ್ನದೆ ಇರದು. ಆದರೆ ಇಂದು ಮಾರಾಟಕ್ಕೆ ಬರುವ ಟಾರಿನ್ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಾಗುವಂಥದು. ಎತ್ತು ಉಳಿದಿರುವುದು ಹೆಸರಿನಲ್ಲಿ ಮಾತ್ರ. ಕ್ರಿಯಾಟಿನ್ನಿನ ಕಥೆಯೂ ಹೀಗೆಯೇ. 1832ರಲ್ಲಿ ಫ್ರಾನ್ಸಿನ ಶೆವ್ರೆಲ್ ಮಾಂಸದ ಸಾರದಲ್ಲಿ ಅದನ್ನು ಕಂಡುಹಿಡಿದನು, ಇಂದಿನದು ಮಾಂಸದ ಸೋಂಕಿಲ್ಲದೆ ತಯಾರಾಗುತ್ತದೆ. ಸಂಶಯಪಡಬೇಕಾದುದು ಬೇರೆಡೆ. ಹುಡಿಯ ಬದಲು ಗುಳಿಗೆಯ ರೂಪದಲ್ಲಿದ್ದರೆ ಅದರ ಹೊದಿಕೆ ಜೆಲಾಟಿನ್ನಿನದಾಗಿರಬಹುದು, ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ಬರುವುದು. ಕೆಲವು ಅಮೈನೊ ಆಮ್ಲಗಳನ್ನು ಹಕ್ಕಿಗಳ ಗರಿಯಿಂದ ತೆಗೆಯುವ ಪದ್ಧತಿಯೂ ಇದೆ. ಆದುದರಿಂದ ಹಸಿರು ಚೌಕದೊಳಗಿನ ಹಸಿರು ಬೊಟ್ಟನ್ನು ಹುಡುಕಬೇಕು. ಕಂದು ಚೌಕದೊಳಗೆ ಕಂದು ತ್ರಿಕೋನವಿದ್ದರೆ ಅದು ಮಾಂಸಾಹಾರ. ಆ ತಾಯಿಯ ಡಬ್ಬಿಯ ಮೇಲೆ ಹಸಿರು ಬೊಟ್ಟಿತ್ತು. ಅವರ ಮುಖ ಅರಳಿತು.

ಆದರೆ ಅದೇ ಡಬ್ಬಿಯ ಒಂದು ಚಮಚದಲ್ಲಿ 300 ಮಿಲಿಗ್ರಾಂ ಕೆಫೀನ್ ಇತ್ತು. ನಮ್ಮ ಕಾಫಿಯಲ್ಲಿರುವ ಕೆಫೀನೇ ಇದು. ದಣಿವಿನ ಸುದ್ದಿಯನ್ನು ಮಿದುಳಿಗೆ ತಲುಪಿಸುವ ಅಡೆನೊಸಿನ್ ಎಂಬ ವಸ್ತುವಿನ ದಾರಿಯನ್ನು ಅದು ಅಡ್ಡಗಟ್ಟುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಅರಿವು ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನವೊಂದಕ್ಕೆ 300 ಮಿಲಿಗ್ರಾಂ ಮೀರಬಾರದು. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಒಂದೇ ಸಲಕ್ಕೆ 200 ಮಿಲಿಗ್ರಾಂವರೆಗೆ ಅಪಾಯವಿಲ್ಲವೆಂದು ಹೇಳಿತು. ಹೇಗೆ ಎಣಿಸಿದರೂ ಈ ಡಬ್ಬಿಯ ಒಂದೇ ಚಮಚ ಮೂರು ಲೋಟ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಂತೆ. ಬೆಳಗಿನ ಮತ್ತು ಮಧ್ಯಾಹ್ನದ ಕಾಫಿಯನ್ನು ನಾವು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ!

ಇನ್ನು ನಿದ್ರೆಯ ವಿಷಯ. ದೇಹವು ಕೆಫೀನಿನ ಅರ್ಧ ಭಾಗವನ್ನು ಕಳೆದುಕೊಳ್ಳಲು ಸುಮಾರು ಐದು ಗಂಟೆ ಬೇಕು. ಹುಡುಗನು ಕೆಲಸ ಮುಗಿಸಿ ಸಂಜೆ ಆರೂವರೆಗೆ ಕುಡಿದರೆ ರಾತ್ರಿ ಹನ್ನೊಂದೂವರೆಗೆ 150 ಮಿಲಿಗ್ರಾಂ ಇನ್ನೂ ರಕ್ತದಲ್ಲಿ ಸುತ್ತುತ್ತಿರುತ್ತದೆ. ಮಲಗುವ ಹೊತ್ತಿಗೆ ಒಂದೂವರೆ ಲೋಟ ಕಾಫಿ ಕುಡಿದವನಿಗೆ ನಿದ್ರೆ ಬಾರದಿದ್ದರೆ ದೃಷ್ಟಿ ತಗುಲಿತೆಂದು ಹೇಳಬೇಕಾಗಿಲ್ಲ. ವ್ಯಾಯಾಮದಲ್ಲಿ ಸವೆದ ಸ್ನಾಯು ಮತ್ತೆ ಕಟ್ಟಿಕೊಳ್ಳಲು ನಿದ್ರೆಯೇ ಮುಖ್ಯ. ಅದನ್ನೇ ಕೊಟ್ಟು ಒಂದು ಗಂಟೆಯ ಹುರುಪನ್ನು ಕೊಳ್ಳುವುದು ಯಾವ ವ್ಯಾಪಾರ? ಕೆಫೀನ್ ನಿರುಪಯೋಗಿಯೆಂದು ನಾವು ಹೇಳುತ್ತಿಲ್ಲ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 3 ಮಿಲಿಗ್ರಾಮಿನಷ್ಟು ತೆಗೆದುಕೊಂಡರೆ ಓಟಕ್ಕೂ ಭಾರ ಎತ್ತುವುದಕ್ಕೂ ಸ್ವಲ್ಪ ಸಹಾಯವಾಗುವುದೆಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಅರವತ್ತು ಕಿಲೋ ತೂಕದವನಿಗೆ ಅದು 180 ಮಿಲಿಗ್ರಾಂ. ಮನೆಯ ಗಟ್ಟಿ ಕಾಫಿ ಎರಡು ಲೋಟ ಕುಡಿದರೆ ಸಾಕಾಯಿತು.

ಈ ಹುಡಿ ಕುಡಿದ ಕಾಲು ಗಂಟೆಯಲ್ಲಿ ಮುಖ, ಕಿವಿ, ಕೈಗಳಲ್ಲಿ ಇರುವೆ ಹರಿದಂತೆ ಚುರುಗುಟ್ಟುವುದುಂಟು. "ಈಗ ಔಷಧಿ ಹಿಡಿಯಿತು" ಎಂದು ಹುಡುಗರು ಹಿಗ್ಗುತ್ತಾರೆ. ಅದು ಬೀಟಾ ಅಲನಿನ್ನಿನ ಆಟ. ಚರ್ಮದ ನರಗಳನ್ನು ಅದು ಕೆಣಕುತ್ತದೆ. ಅಪಾಯವೇನೂ ಇಲ್ಲವಾದರೂ ಆ ಚುರುಗುಟ್ಟುವಿಕೆಗೂ ಬಲಕ್ಕೂ ಸಂಬಂಧವಿಲ್ಲ. ಈ ಪದಾರ್ಥದ ನಿಜವಾದ ಕೆಲಸ ನಿಧಾನವಾದುದು: ದಿನಕ್ಕೆ 3.2ರಿಂದ 6.4 ಗ್ರಾಂನಂತೆ ಕಡಿಮೆಯೆಂದರೆ ನಾಲ್ಕು ವಾರ ಬಿಡದೆ ತೆಗೆದುಕೊಂಡರೆ ಸ್ನಾಯುವಿನಲ್ಲಿ ಕಾರ್ನೊಸಿನ್ ಹೆಚ್ಚಿ, ಒಂದರಿಂದ ನಾಲ್ಕು ನಿಮಿಷಗಳ ಏಕಪ್ರಕಾರದ ಶ್ರಮದಲ್ಲಿ ಉರಿ ತಡವಾಗಿ ಕಾಣಿಸುತ್ತದೆ. ಬೆಳ್ತಂಗಡಿಯ ಡಬ್ಬಿಯಲ್ಲಿದ್ದುದು 1.6 ಗ್ರಾಂ, ಹುಡುಗನು ಜಿಮ್ಮಿಗೆ ಹೋಗುವುದು ವಾರಕ್ಕೆ ನಾಲ್ಕು ದಿನ. ಚುರುಗುಟ್ಟುವುದಕ್ಕೆ ಸಾಕು, ಪ್ರಯೋಜನಕ್ಕೆ ಸಾಲದು.

ಕ್ರಿಯಾಟಿನ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಂತಹ ಸಸ್ಯಾಹಾರಿ ಮನೆಗಳಿಗೆ ಸಂಬಂಧಿಸಿದ ಸಂಗತಿ ಇದರಲ್ಲಿದೆ. ಸ್ನಾಯುವು ಕ್ಷಣಮಾತ್ರದ ಭಾರೀ ಕೆಲಸಕ್ಕೆ ಬಳಸುವ ಇಂಧನವನ್ನು ಕೂಡಲೇ ಮತ್ತೆ ತುಂಬಿಕೊಡುವುದು ಇದರ ಕೆಲಸ. ಕಂಬಳದ ಗದ್ದೆಯಲ್ಲಿ ಹದಿಮೂರು ಸೆಕೆಂಡು ಕೋಣಗಳ ಬೆನ್ನು ಹತ್ತಿ ಓಡುವವನು ಮೊದಲ ಹತ್ತು ಸೆಕೆಂಡುಗಳಲ್ಲಿ ಬಹುಮಟ್ಟಿಗೆ ನೆಚ್ಚುವುದು ಈ ದಾಸ್ತಾನನ್ನೇ. ನಮ್ಮ ದೇಹವು ದಿನಕ್ಕೆ ಸುಮಾರು ಒಂದು ಗ್ರಾಂ ಕ್ರಿಯಾಟಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ, ಉಳಿದುದು ಮೀನು ಮಾಂಸಗಳಿಂದ ಬರುತ್ತದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಇದರ ದಾಸ್ತಾನು ಕಡಿಮೆಯಿರುವುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಆದ್ದರಿಂದಲೇ ಹೊರಗಿನಿಂದ ಕೊಟ್ಟಾಗ ಅವರಲ್ಲಿ ಹೆಚ್ಚಳವೂ ಚೆನ್ನಾಗಿ ಕಾಣುತ್ತದೆ. ಡಬ್ಬಿಯ ಪದಾರ್ಥಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿ, ಗೆದ್ದು ನಿಂತಿರುವುದು ಇದೊಂದೇ ಎಂದರೂ ಸಲ್ಲುತ್ತದೆ. ಆದರೆ ಬೇಕಾದುದು ಪ್ರತಿದಿನ 3ರಿಂದ 5 ಗ್ರಾಂ. ವ್ಯಾಯಾಮಕ್ಕೆ ಮುನ್ನವೇ ಆಗಬೇಕೆಂಬ ನಿಯಮವಿಲ್ಲ, ಊಟದ ಜೊತೆಗಾದರೂ ಆದೀತು, ಫಲ ಕಾಣಲು ಮೂರು ನಾಲ್ಕು ವಾರ ಬೇಕು. ಡಬ್ಬಿಯಲ್ಲಿದ್ದುದು ಒಂದೇ ಗ್ರಾಂ! 2,100 ರೂಪಾಯಿ ಕೊಟ್ಟ ಮೂವತ್ತು ಚಮಚದ ಡಬ್ಬಿಯಲ್ಲಿ ಚಮಚಕ್ಕೆ 70 ರೂಪಾಯಿ ಬಿತ್ತು. ಬರಿಯ ಕ್ರಿಯಾಟಿನ್ನನ್ನೇ ಕೊಂಡಿದ್ದರೆ ಅದರ ಒಂದು ಅಂಶದಲ್ಲಿ ಮುಗಿಯುತ್ತಿತ್ತು. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲಾಗದು. ಆರೋಗ್ಯವಂತರೂ ರಕ್ತಪರೀಕ್ಷೆಗೆ ಹೋದಾಗ ತಾವು ಇದನ್ನು ಸೇವಿಸುತ್ತಿರುವುದನ್ನು ತಿಳಿಸಬೇಕು. ಇಲ್ಲವಾದರೆ ಕ್ರಿಯಾಟಿನಿನ್ ಅಂಶ ಏರಿರುವುದನ್ನು ಕಂಡು ಮೂತ್ರಪಿಂಡ ಕೆಟ್ಟಿದೆಯೆಂದು ಮನೆಮಂದಿಯೆಲ್ಲ ಗಾಬರಿಗೊಳ್ಳುವ ಸಂಭವವಿದೆ.

ಸಿಟ್ರುಲಿನ್ನಿಗೆ ಆ ಹೆಸರು ಬಂದುದು ಕಲ್ಲಂಗಡಿಯ ಸಸ್ಯಶಾಸ್ತ್ರೀಯ ಹೆಸರಿನಿಂದ; ಜಪಾನಿನ ವಿಜ್ಞಾನಿಗಳು ಅದನ್ನು ಆ ಹಣ್ಣಿನಲ್ಲಿಯೇ ಕಂಡರು. ದೇಹದಲ್ಲಿ ಅದು ಆರ್ಜಿನಿನ್ ಆಗಿ, ಬಳಿಕ ನೈಟ್ರಿಕ್ ಆಕ್ಸೈಡನ್ನು ಹುಟ್ಟಿಸಿ ರಕ್ತನಾಳಗಳನ್ನು ಸಡಿಲಿಸುತ್ತದೆ. ತೋಳಿನ ನರಗಳು ಉಬ್ಬಿ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಸಿಟ್ರುಲಿನ್ ಮ್ಯಾಲೇಟನ್ನು 6ರಿಂದ 8 ಗ್ರಾಂ ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ ಕೆಲವು ಫಲ ಕಂಡಿವೆ, ಕೆಲವು ಕಂಡಿಲ್ಲ. ರಕ್ತನಾಳಗಳನ್ನು ಸಡಿಲಿಸುವ ಇದೇ ಕೆಲಸವನ್ನು ನೈಟ್ರೇಟ್ ಇರುವ ಬೀಟ್‌ರೂಟ್ ರಸವೂ ಮಾಡುತ್ತದೆ. ನಮ್ಮ ಹಿತ್ತಿಲಲ್ಲಿ ಬೆಳೆಯುವ ಹರಿವೆ ಸೊಪ್ಪೂ ನೈಟ್ರೇಟಿನಲ್ಲಿ ಬಡವಾದುದೇನಲ್ಲ. ರಕ್ತದೊತ್ತಡಕ್ಕೋ ಹೃದಯಕ್ಕೋ ಮಾತ್ರೆ ನುಂಗುವ ಹಿರಿಯರು ಮಕ್ಕಳ ಡಬ್ಬಿಯಿಂದ ಕುತೂಹಲಕ್ಕೂ ಒಂದು ಚಮಚ ತೆಗೆದುಕೊಳ್ಳಬಾರದು. ಟೈರೊಸಿನ್, ಬಿ ಜೀವಸತ್ವಗಳು, ಬಣ್ಣ, ಸಿಹಿಕಾರಕಗಳ ಬಗ್ಗೆ ಹೇಳಬೇಕಾದುದು ಹೆಚ್ಚಿಲ್ಲ. ಅವು ಪಟ್ಟಿಯನ್ನು ಉದ್ದಮಾಡುತ್ತವೆ.

ಈಗ ಬಂಟ್ವಾಳದ ಡಬ್ಬಿ. ಆ ಮನೆಯ ಇಪ್ಪತ್ತೆರಡರ ಯುವಕ ಒಂದು ಸಂಜೆ ಬರಿಹೊಟ್ಟೆಯಲ್ಲಿ ಎರಡು ಚಮಚ ಕಲಸಿ ಕುಡಿದನು. ಅರ್ಧ ಗಂಟೆಯಲ್ಲಿ ಎದೆ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು, ಬೆವರು ಸುರಿಯಿತು. ತಂದೆ ಅವನನ್ನು ರಿಕ್ಷಾದಲ್ಲಿ ವೈದ್ಯರ ಬಳಿಗೆ ಒಯ್ದರು. ಇ.ಸಿ.ಜಿ. ತೆಗೆದು, ರಾತ್ರಿಯಿಡೀ ಇರಿಸಿಕೊಂಡು, ಬೆಳಿಗ್ಗೆ ಕಳುಹಿಸಿದರು. ವೈದ್ಯರು ಡಬ್ಬಿಯನ್ನು ತರಿಸಿ ನೋಡಿದರೂ ಅವನ ಹೊಟ್ಟೆಗೆ ಹೋದುದು ಎಷ್ಟೆಂದು ಹೇಳಲಾಗಲಿಲ್ಲ. ನಮಗೂ ಆಗಲಿಲ್ಲ, ಏಕೆಂದರೆ ಅದರ ಮೇಲೆ "ಪ್ರೊಪ್ರೈಟರಿ ಬ್ಲೆಂಡ್ 7 ಗ್ರಾಂ" ಎಂದು ಮಾತ್ರ ಇದೆ. ಒಂಬತ್ತು ಪದಾರ್ಥಗಳ ಹೆಸರುಗಳಿವೆ, ಯಾವುದು ಎಷ್ಟೆಂಬುದಿಲ್ಲ. ಏಳು ಗ್ರಾಂನಲ್ಲಿ ಕೆಫೀನೇ ಎಷ್ಟಿತ್ತೋ! ನಮ್ಮ ದೇಶದ ಆಹಾರ ಸುರಕ್ಷಾ ಪ್ರಾಧಿಕಾರದ ಹದಿನಾಲ್ಕು ಅಂಕೆಗಳ ಪರವಾನಗಿ ಸಂಖ್ಯೆಯೂ ಅದರ ಮೇಲಿರಲಿಲ್ಲ, ಔಷಧಿಯ ಬಳಕೆಗಲ್ಲವೆಂಬ ಕಡ್ಡಾಯದ ಎಚ್ಚರಿಕೆಯೂ ಇರಲಿಲ್ಲ. ಪಟ್ಟಿಯ ಕೊನೆಯಲ್ಲಿ ಜೆರೇನಿಯಂ ಹೂವಿನ ಸಾರವೆಂಬ ಹೆಸರಿತ್ತು.

ಈ ಹೂವಿನ ಹೆಸರಿಗೆ ಒಂದು ಇತಿಹಾಸವಿದೆ. ಮೀಥೈಲ್ ಹೆಕ್ಸಾನಮೀನ್ ಅಥವಾ ಡಿ.ಎಂ.ಎ.ಎ. ಎಂಬ ಉತ್ತೇಜಕವು ಮೊದಲು 1940ರ ದಶಕದಲ್ಲಿ ಮೂಗು ಕಟ್ಟಿದವರಿಗೆ ಔಷಧಿಯಾಗಿ ಬಂದು, ಮುಂದೆ ಮಾರುಕಟ್ಟೆಯಿಂದ ಮರೆಯಾಗಿ, ಹಲವು ವರ್ಷಗಳ ನಂತರ ಜೆರೇನಿಯಂ ಗಿಡದ ಸಾರವೆಂಬ ವೇಷದಲ್ಲಿ ಇಂತಹ ಹುಡಿಗಳೊಳಗೆ ಮರಳಿತು. 2012ರ ಲಂಡನ್ ಮ್ಯಾರಥಾನಿನಲ್ಲಿ ಇದು ಬೆರೆತ ಪಾನೀಯವನ್ನು ಕುಡಿದು ಓಡಿದ ಮೂವತ್ತರ ಮಹಿಳೆಯೊಬ್ಬರು ಗುರಿಯ ಸಮೀಪದಲ್ಲಿಯೇ ಕುಸಿದು ತೀರಿಕೊಂಡರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದರ ವಿರುದ್ಧ ಎಚ್ಚರಿಸಿದೆ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿಯೂ ಇದು ಇದೆ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟಕ್ಕೆ ಮುನ್ನ ನಮ್ಮ ದೇಶದ ಕುಸ್ತಿಪಟುಗಳೂ ಈಜುಗಾರರೂ ಸಿಕ್ಕಿಬಿದ್ದುದು ಇದೇ ವಸ್ತುವಿನಿಂದ. ಬಂಟ್ವಾಳದ ಡಬ್ಬಿಯಲ್ಲಿ ಅದೇ ಇತ್ತೆಂದು ನಾವು ಹೇಳಲಾರೆವು. ಆ ಹೆಸರನ್ನು ಕಂಡ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿರೆಂದು ಹೇಳಿದೆವು.

ಮೂಡುಬಿದಿರೆಯ ವಿದ್ಯಾರ್ಥಿಯ ಸಮಸ್ಯೆ ಬೇರೆ ಬಗೆಯದು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಕ್ರೀಡಾಕೂಟ ನಡೆದ ಊರು ಅದು. ಅಲ್ಲಿ ಓಡುವ ಮಕ್ಕಳಿಗೆ ಆಯ್ಕೆಯೆಂದರೆ ನೌಕರಿ, ಜೀವನ. ಅವನ ಡಬ್ಬಿಯಲ್ಲಿ ಎಲ್ಲದರ ಪ್ರಮಾಣವೂ ನಮೂದಾಗಿದೆ: ಕೆಫೀನ್ 200 ಮಿಲಿಗ್ರಾಂ, ಬೀಟಾ ಅಲನಿನ್ 3.2 ಗ್ರಾಂ, ಸಿಟ್ರುಲಿನ್ 6 ಗ್ರಾಂ. ಪರವಾನಗಿ ಸಂಖ್ಯೆಯೂ ಹಸಿರು ಬೊಟ್ಟೂ ಇವೆ. ಕೆಫೀನ್ 2004ರಿಂದ ನಿಷೇಧಿತವಲ್ಲ. ಹಾಗಿದ್ದರೂ ಪಟ್ಟಿಯಲ್ಲಿ ಬರೆಯದಿರುವುದು ಒಳಗೆ ಬೆರೆತಿಲ್ಲವೆಂಬುದಕ್ಕೆ ಭರವಸೆಯೇನು? ಉದ್ದೀಪನ ಮದ್ದಿನ ನಿಯಮದಲ್ಲಿ "ನನಗೆ ತಿಳಿದಿರಲಿಲ್ಲ" ಎಂಬುದು ಪೂರ್ಣ ಸಮರ್ಥನೆಯಾಗದು. ದೇಹದಲ್ಲಿ ಸಿಕ್ಕಿದ ವಸ್ತುವಿಗೆ ಕ್ರೀಡಾಪಟುವೇ ಹೊಣೆ. ತಯಾರಾದ ಪ್ರತಿಯೊಂದು ತಂಡವನ್ನೂ ಸ್ವತಂತ್ರ ಪ್ರಯೋಗಾಲಯ ಪರೀಕ್ಷಿಸಿ ಕೊಡುವ ಮುದ್ರೆಗಳಿವೆ. ಅವುಗಳಿಂದ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಅವನ ಡಬ್ಬಿಯ ಮೇಲೆ ಅಂತಹ ಮುದ್ರೆ ನಮಗೆ ಕಾಣಲಿಲ್ಲ.

ಬೆಳ್ತಂಗಡಿಯ ತಾಯಿಗೆ ನಾವು ಪತ್ರ ಬರೆದೆವು. ಇರುವ ಹುಡಿಯನ್ನು ಬಿಸಾಡಬೇಕಾಗಿಲ್ಲ, ಅರ್ಧ ಚಮಚಕ್ಕಿಂತ ಹೆಚ್ಚು ಬೇಡ, ಸಂಜೆಯಂತೂ ಬೇಡವೇ ಬೇಡ, ಆ ದಿನ ಕಾಫಿ ಬಿಡಲಿ. ಹದಿನೇಳರ ತಮ್ಮನಿಗೆ ಒಂದು ಹರಳನ್ನೂ ಕೊಡಬಾರದು. ವ್ಯಾಯಾಮಕ್ಕೆ ಒಂದು ಗಂಟೆ ಮುಂಚೆ ಬಾಳೆಹಣ್ಣೋ ಕುಚ್ಚಲಕ್ಕಿ ಗಂಜಿಯೋ ಹೊಟ್ಟೆಗೆ ಬೀಳಲಿ, ರಾತ್ರಿಯ ಊಟದಲ್ಲಿ ಹುರುಳಿಯೋ ಹೆಸರುಕಾಳೋ ಮೊಸರೋ ಇರಲಿ ಎಂದು ತಿಳಿಸಿದೆವು. ಹುಡುಗ ಈಗ ಬೆಳಿಗ್ಗೆ ಐದೂವರೆಗೆ ಜಿಮ್ಮಿಗೆ ಹೋಗುತ್ತಾನಂತೆ, ಹತ್ತಕ್ಕೆ ಮಲಗುತ್ತಾನಂತೆ. ಬಂಟ್ವಾಳದವರು ತಮ್ಮ ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಲು ಹೋದಾಗ ಒಡೆದ ಮಾಲನ್ನು ತೆಗೆದುಕೊಳ್ಳುವುದಿಲ್ಲವೆಂದು ಹೇಳಿದರಂತೆ. ಮೂಡುಬಿದಿರೆಯ ವಿದ್ಯಾರ್ಥಿ ತನ್ನದನ್ನು ಇನ್ನೂ ಒಡೆದಿಲ್ಲ. ತರಬೇತುದಾರರನ್ನು ಕೇಳಿದ್ದಾನೆ, ಮುಂದಿನ ತಿಂಗಳು ಆಯ್ಕೆಯಿದೆ.