'ನೂನ್' ಮತ್ತು 'ಆಲ್‌ವೇಸ್': ಇಂಗ್ಲಿಷಿನ ಕೆಲವು ಕಾಲವಾಚಕಗಳ ಚರಿತ್ರೆ

ಹಳೆಯ ಇಂಗ್ಲಿಷಿನ ಮಹಾಕಾವ್ಯವಾದ 'ಬೇವುಲ್ಫ್'ನಲ್ಲಿ ಒಂದು ಸಂದರ್ಭವಿದೆ. ಗ್ರೆಂಡೆಲನೆಂಬ ರಕ್ಕಸನ ತಾಯಿಯನ್ನು ಕೊಲ್ಲಲು ನಾಯಕನು ಮಡುವಿನ ತಳಕ್ಕೆ ಇಳಿದಿದ್ದಾನೆ. ದಡದಲ್ಲಿ ಕಾದಿದ್ದ ಡೇನರು ನೀರಿನಲ್ಲಿ ರಕ್ತ ಕಲಸಿಬಂದುದನ್ನು ಕಂಡು, ಅವನು ಮಡಿದನೆಂದೇ ಬಗೆದು ಮನೆಯತ್ತ ತಿರುಗುತ್ತಾರೆ. ಅವನ ಸ್ವಂತ ನಾಡಿನ ಅನುಚರರು ಮಾತ್ರ ಆಸೆ ಬತ್ತಿದರೂ ಕುಳಿತಲ್ಲಿಂದ ಏಳುವುದಿಲ್ಲ. ಡೇನರು ಹೊರಟ ಹೊತ್ತನ್ನು ಕವಿಯು 'ನೋನ್' ಎಂಬ ಪದದಿಂದ ಸೂಚಿಸಿದ್ದಾನೆ. ಇದು ಇಂದಿನ 'ನೂನ್' ಪದದ ಪೂರ್ವರೂಪ. ಆಧುನಿಕ ನಿಘಂಟನ್ನು ನಂಬಿ ಇದನ್ನು 'ನಡುಹಗಲು' ಎಂದು ಅನುವಾದಿಸಿದರೆ ಡೇನರನ್ನು ಸುಮಾರು ಮೂರು ಗಂಟೆ ಮುಂಚಿತವಾಗಿಯೇ ಎಬ್ಬಿಸಿ ಕಳುಹಿಸಿದಂತಾಗುತ್ತದೆ. ಅವರು ತೋರಿದ ತಾಳ್ಮೆಯನ್ನು ಅನುವಾದಕನು ಕದ್ದಂತಾಗುತ್ತದೆ ಎಂದರೂ ತಪ್ಪಲ್ಲ.

'ನೋನ್' ಪದದ ಮೂಲ ಲ್ಯಾಟಿನ್ನಿನ 'ನೋನಾ ಹೋರಾ', ಎಂದರೆ ಒಂಬತ್ತನೆಯ ಹೋರೆ. (ಗ್ರೀಕಿನ ಈ 'ಹೋರಾ' ಶಬ್ದವೇ ಸಂಸ್ಕೃತಕ್ಕೂ ಬಂದು ನಮ್ಮ ಹೋರಾಶಾಸ್ತ್ರದ ಹೆಸರಿನಲ್ಲಿ ನೆಲೆಸಿದೆ.) ರೋಮನರು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಸಮಭಾಗಗಳಾಗಿ ಹಂಚುತ್ತಿದ್ದರು. ಆದುದರಿಂದ ಈ ಹೋರೆ ಋತುವಿಗೆ ತಕ್ಕಂತೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಲಂಡನ್ನಿನ ಅಕ್ಷಾಂಶದಲ್ಲಿ ನಡುಬೇಸಿಗೆಯ ಒಂದು ಹೋರೆ ಇಂದಿನ ಎಂಬತ್ತು ನಿಮಿಷಗಳನ್ನು ಮೀರಿದರೆ, ನಡುಚಳಿಗಾಲದ್ದು ನಲವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂಬತ್ತನೆಯ ಹೋರೆಯೆಂದರೆ ಸ್ಥೂಲವಾಗಿ ಅಪರಾಹ್ನ ಮೂರು ಗಂಟೆ. ಕ್ರೈಸ್ತ ಮಠಗಳಲ್ಲಿ ಅದು ಪ್ರಾರ್ಥನೆಯ ಒಂದು ನಿಗದಿತ ಹೊತ್ತು.

ಈ ಪದ 12ರಿಂದ 14ನೆಯ ಶತಮಾನದೊಳಗೆ ಮೆಲ್ಲಮೆಲ್ಲನೆ ಹಿಂದಕ್ಕೆ ಸರಿದು ನಡುಹಗಲಿಗೆ ಬಂದು ನಿಂತಿತು. ಕಾರಣವನ್ನು ಕುರಿತು ವಿದ್ವಾಂಸರು ಮುಂದಿಡುವ ಒಂದು ಊಹೆ ಸ್ವಾರಸ್ಯಕರವಾಗಿದೆ. ಉಪವಾಸದ ದಿನಗಳಲ್ಲಿ ಸಂನ್ಯಾಸಿಗಳು ಈ ಪ್ರಾರ್ಥನೆ ಮುಗಿಯುವವರೆಗೆ ಉಣ್ಣುವಂತಿರಲಿಲ್ಲ; ಆದಕಾರಣ ಪ್ರಾರ್ಥನೆಯನ್ನೇ ಸ್ವಲ್ಪ ಸ್ವಲ್ಪವಾಗಿ ಮುಂಚಿತಗೊಳಿಸಿದರು. ಊಹೆ ನಿಜವಾದರೆ, ಸೂರ್ಯನು ಮಾಡಲಾಗದ ಕೆಲಸವನ್ನು ಹಸಿವು ಮಾಡಿತೆನ್ನಬೇಕು. ರೋಮನರಿಗೆ ನಡುಹಗಲಾಗಿದ್ದ ಆರನೆಯ ಹೋರೆ, 'ಸೆಕ್ಸ್ಟಾ', ಸ್ಪ್ಯಾನಿಷ್ ಭಾಷೆಯಲ್ಲಿ 'ಸಿಯೆಸ್ಟಾ' ಆಗಿ ಮಧ್ಯಾಹ್ನದ ನಿದ್ರೆಯ ಅರ್ಥವನ್ನು ಪಡೆಯಿತು.

ಮಠದ ಕೈಯಲ್ಲಿದ್ದ ಹೊತ್ತು ಮುಂದೆ ಯಂತ್ರದ ವಶವಾಯಿತು. 'ಕ್ಲಾಕ್' ಶಬ್ದ ಮಧ್ಯಯುಗದ ಲ್ಯಾಟಿನ್ನಿನ 'ಕ್ಲೊಕ್ಕಾ'ದಿಂದ ಬಂದುದು. ಅದರ ಅರ್ಥ ಗಂಟೆ, ಬಾರಿಸುವ ಗಂಟೆ. 1386ರ ಸುಮಾರಿನದೆಂದು ಹೇಳಲಾಗುವ ಸಾಲ್ಸ್‌ಬರಿ ಕೆಥೆಡ್ರಲ್ಲಿನ ಗಡಿಯಾರಕ್ಕೆ ಮುಳ್ಳುಗಳೂ ಇಲ್ಲ, ಅಂಕಿಗಳ ಫಲಕವೂ ಇಲ್ಲ. ಅದು ಹೊಡೆಯುತ್ತಿತ್ತು, ಊರು ಕೇಳಿಸಿಕೊಳ್ಳುತ್ತಿತ್ತು. ನಾದದ ಹೆಸರನ್ನೇ ಕಾಲಮಾನಕ್ಕೆ ಇಡುವುದು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ 'ಗಂಟೆ' ದೇವಾಲಯದಲ್ಲಿ ತೂಗುವುದೂ ಹೌದು, ಅರುವತ್ತು ನಿಮಿಷಗಳ ಅವಧಿಯೂ ಹೌದು.

'ಓಕ್ಲಾಕ್' ಎಂಬುದು 'ಆಫ್ ದ ಕ್ಲಾಕ್' ಎಂಬುದರ ಸಂಕ್ಷೇಪ. ನೆರಳು ಹೇಳುವ ಹೊತ್ತಲ್ಲ, ಯಂತ್ರ ಹೇಳುವ ಹೊತ್ತು ಎಂಬ ಸ್ಪಷ್ಟನೆ ಅದರಲ್ಲಿ ಅಡಗಿದೆ. ಆದರೆ ಯಾವ ಊರಿನ ಯಂತ್ರ? ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲಿ ತನ್ನ ನಿಲ್ದಾಣಗಳಲ್ಲಿ ಲಂಡನ್ನಿನ ಸಮಯವನ್ನು ಜಾರಿಗೆ ತಂದಿತು. ಬ್ರಿಟನ್ನಿಗೆಲ್ಲ ಗ್ರೀನಿಚ್ ಸಮಯ ಕಾನೂನಾದುದು 1880ರಲ್ಲಿ. ಭಾರತದಲ್ಲಿ 1906ರಲ್ಲಿ ಏಕರೂಪದ ಸಮಯ ಜಾರಿಗೆ ಬಂದ ಮೇಲೆಯೂ ಮುಂಬಯಿ ನಗರ 1955ರವರೆಗೆ ತನ್ನದೇ 'ಬಾಂಬೆ ಟೈಮ್' ಅನ್ನು ಬಿಡಲಿಲ್ಲ. ಅದು ದೇಶದ ಸಮಯಕ್ಕಿಂತ 39 ನಿಮಿಷ ಹಿಂದಿತ್ತು. ದುಡಿಮೆಗೆಂದು ಅಲ್ಲಿಗೆ ವಲಸೆ ಹೋದ ಆ ಕಾಲದ ಕನ್ನಡಿಗರು ಎರಡು ಲೆಕ್ಕಗಳ ನಡುವೆ ಬಾಳಿದವರು.

ಬೆಳಗಿನ ಹೆಸರು ನಾಳೆಯ ಹೆಸರಾಗುವುದು ಇನ್ನೊಂದು ಬಗೆಯ ಚಲನೆ. ಇಂಗ್ಲಿಷಿನ 'ಮಾರ್ನಿಂಗ್', 'ಟುಮಾರೊ' ಎರಡೂ ಒಂದೇ ಮೂಲದವು; ಜರ್ಮನ್ನಿನ 'ಮೊರ್ಗನ್' ಇಂದಿಗೂ ಎರಡರ್ಥಗಳನ್ನೂ ಹೊತ್ತಿದೆ. ಹೈದರಾಬಾದಿನ ಕನ್ನಡಿಗರು ನಿತ್ಯ ಕೇಳುವ ತೆಲುಗಿನ 'ರೇಪು' ಇಂದು ನಾಳೆಯಾದರೂ ನಸುಕು ಎಂಬ ಅರ್ಥವೂ ಅದಕ್ಕುಂಟು. ದೆಹಲಿಯವರು ಕೇಳುವ ಹಿಂದಿಯ 'ಕಲ್' ಸಂಸ್ಕೃತದ 'ಕಲ್ಯ'ದಿಂದ, ಎಂದರೆ ಮುಂಜಾವಿನಿಂದ, ಬಂದುದು. ಅದು ನಿನ್ನೆಯೂ ಆಗಿ ನಾಳೆಯೂ ಆಗಿ ನಿಂತಿದ್ದರೆ, ಮರಾಠಿಯ 'ಕಾಲ್' ನಿನ್ನೆಯಲ್ಲಿಯೇ ಉಳಿದುಕೊಂಡಿತು.

ಕಾಲವಾಚಕಗಳಲ್ಲಿ ಅತ್ಯಂತ ಬೇಗ ಸವೆಯುವಂಥವು 'ಕೂಡಲೆ' ಎಂಬ ಅರ್ಥದವು. 'ಸೂನ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ 'ಈ ಕ್ಷಣವೇ' ಎಂಬುದನ್ನು ಹೇಳುತ್ತಿತ್ತು. 'ಅನಾನ್' ಕೂಡ ಹಾಗೆಯೇ. ಶೇಕ್ಸ್‌ಪಿಯರನ 'ನಾಲ್ಕನೆಯ ಹೆನ್ರಿ' ನಾಟಕದ ಮೊದಲ ಭಾಗದಲ್ಲಿ ಹೆಂಡದಂಗಡಿಯ ಹುಡುಗ ಗಿರಾಕಿಗಳ ಕೂಗಿಗೆಲ್ಲ ಇದೇ ಪದದಿಂದ ಓಗೊಡುತ್ತಾನೆ, ಬರುವುದು ಮಾತ್ರ ತಡ. 'ಪ್ರೆಸೆಂಟ್ಲಿ' ಪದಕ್ಕೂ ಇದೇ ಗತಿಯಾಯಿತು. ಮಾತು ಕೊಡುವವರು ಮಾತಿನಂತೆ ನಡೆಯದಿದ್ದಾಗ ಸಡಿಲಗೊಳ್ಳುವುದು ಮಾತಿನ ಅರ್ಥವೇ. 'ಈಗ ಬಂದೆ' ಎಂದು ಹೊರಟವರನ್ನು ಕಾದು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಸವೆತವನ್ನು ಅರಿಯದೆ ಹಳೆಯ ಗ್ರಂಥಗಳನ್ನು ಓದಿದರೆ ಏನಾಗುತ್ತದೆಂಬುದಕ್ಕೆ 1611ರ ಇಂಗ್ಲಿಷ್ ಬೈಬಲ್ ತಕ್ಕ ನಿದರ್ಶನ. ಮಾರ್ಕನ ಸುವಾರ್ತೆಯಲ್ಲಿ ಹೆರೋದಿಯಳ ಮಗಳು ಸ್ನಾನಿಕ ಯೋಹಾನನ ತಲೆಯನ್ನು 'ಬೈ ಅಂಡ್ ಬೈ' ಬೇಕೆಂದು ಕೇಳುತ್ತಾಳೆ. ಇಂದಿನ ಓದುಗನಿಗೆ ಅವಳು 'ಕ್ರಮೇಣ', 'ನಿಧಾನವಾಗಿ' ಎಂದಂತೆ ಕೇಳಿಸುತ್ತದೆ. ಗ್ರೀಕ್ ಮೂಲದಲ್ಲಿರುವುದು 'ಈಗಿಂದೀಗಲೇ' ಎಂಬರ್ಥದ ಪದ. ಅಂದಿನ ಅನುವಾದಕರೂ ಅದನ್ನೇ ಹೇಳಿದರು. ಅರಸನಿಗೆ ಮನಸ್ಸು ಬದಲಿಸಲು ಎಡೆಗೊಡದ ಆ ಅವಸರದಲ್ಲಿಯೇ ಸನ್ನಿವೇಶದ ಕ್ರೌರ್ಯವಿದೆ. ಆ ಒಂದು ನುಡಿಗಟ್ಟನ್ನು ತಪ್ಪಾಗಿ ತಿಳಿದರೆ ಕ್ರೌರ್ಯವೇ ಕರಗಿಹೋಗುತ್ತದೆ.

'ಕೂಡಲೆ'ಯ ಪದಗಳು ಹೀಗೆ ಸಡಿಲವಾದರೆ, 'ಸದಾ' ಎಂಬರ್ಥದವು ಹೆಚ್ಚು ಗಟ್ಟಿ. ಅವುಗಳಲ್ಲಿ ಅನೇಕವು ಕಾಲಕ್ಕೆ ಸೇರಿದವೇ ಅಲ್ಲ, ದೇಶಕ್ಕೆ ಸೇರಿದವು. 'ಆಲ್‌ವೇಸ್' ಹಳೆಯ ಇಂಗ್ಲಿಷಿನ 'ಎಅಲ್ನೆ ವೆಗ್', ಅಕ್ಷರಶಃ 'ದಾರಿಯುದ್ದಕ್ಕೂ'. ನಡೆಯುವವನ ದಾರಿ ಬದುಕಿನ ಅವಧಿಯಾಯಿತು. ಇದಕ್ಕೆ ವಿರುದ್ಧವಾದುದು 'ಸ್ಟಿಲ್'. ಅಲುಗದಿರುವಿಕೆಯನ್ನು ಹೇಳುತ್ತಿದ್ದ ಪದ ಶೇಕ್ಸ್‌ಪಿಯರನ ಕಾಲದಲ್ಲಿ 'ಯಾವಾಗಲೂ' ಎಂಬ ಅರ್ಥದಲ್ಲಿ ಬಳಕೆಯಲ್ಲಿತ್ತು. ಇಂದು 'ಇನ್ನೂ' ಎಂಬಷ್ಟಕ್ಕೆ ಇಳಿದಿದೆ. ನಿಷ್ಠೆಯನ್ನು ಹೇಳುವ 'ಸ್ಟೆಡ್‌ಫಾಸ್ಟ್' ಎಂದರೆ ಇದ್ದ ಎಡೆಯಲ್ಲಿ ಬಿಗಿಯಾಗಿ ನಿಂತದ್ದು, ಮಡುವಿನ ದಡದ ಅನುಚರರಂತೆ. 'ಕಾನ್‌ಸ್ಟಂಟ್' ಪದದಲ್ಲಿರುವ ಲ್ಯಾಟಿನ್ ಧಾತು, ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳೆಲ್ಲ ಬಲ್ಲ 'ಸ್ಥಾಯಿ'ಯಲ್ಲಿರುವ 'ಸ್ಥಾ' ಧಾತುವಿನ ಒಡಹುಟ್ಟು.

'ರೌಂಡ್ ದ ಕ್ಲಾಕ್' ಎಂಬ ಈಚಿನ ನುಡಿಗಟ್ಟಿನಲ್ಲಿ 'ಕ್ಲಾಕ್' ನಾದವಾಗಿ ಉಳಿದಿಲ್ಲ, ಮುಳ್ಳು ಸುತ್ತುವ ದುಂಡು ಫಲಕವಾಗಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದ 'ಟ್ವೆಂಟಿಫೋರ್ ಸೆವೆನ್' ಎಂಬುದರಲ್ಲಿ ಫಲಕವೂ ಇಲ್ಲ, ದಾರಿಯೂ ಇಲ್ಲ; ಇರುವುದು ಎರಡು ಅಂಕಿಗಳು ಮಾತ್ರ. ಕನ್ನಡದ ಜಾಹೀರಾತುಗಳಲ್ಲಿಯೂ ಅವು ಈಗ ಹಾಗೆಯೇ ಅಚ್ಚಾಗುತ್ತಿವೆ. ಅದಕ್ಕೆ ಸಂವಾದಿಯಾಗಿ ನಿಲ್ಲಬಲ್ಲ 'ನಿರಂತರ' ಎಂದರೆ ಅಂತರವಿಲ್ಲದ್ದು, 'ಸತತ' ಎಂದರೆ ಎಳೆದು ಹಬ್ಬಿಸಿದ್ದು. ಅಚ್ಚಗನ್ನಡದ 'ಎಡೆಬಿಡದೆ' ಎಂಬುದರಲ್ಲಿ 'ಎಡೆ' ಎಂಬ ಜಾಗ ಈಗಲೂ ಕಣ್ಣಿಗೆ ಕಾಣುವಂತಿದೆ.