ಸಂದೇಶವು ಮನೆಯನ್ನು ಮುಟ್ಟುವ ಬಗೆ

ಉಪ್ಪಿನಬೆಟಗೇರಿಯ ಹೊಲದ ಬದುವಿನಲ್ಲಿ ಕುಳಿತು ತರುಣನೊಬ್ಬನು ಫೋನಿನಲ್ಲಿ ಹಾಡು ಕೇಳುತ್ತಿರುವನೆಂದು ಭಾವಿಸೋಣ. ಅದೇ ಕ್ಷಣದಲ್ಲಿ ಧಾರವಾಡದ ಕಾಲೇಜಿನಿಂದ ಅವನ ತಂಗಿಯ ಸಂದೇಶವೂ ಬರುತ್ತದೆ. ಎರಡೂ ಬಂದುದು ಒಂದೇ ಗೋಪುರದಿಂದ. ಆದರೂ ಹಾಡಿನ ಚೂರೊಂದು ತಂಗಿಯ ಮಾತಿನ ನಡುವೆ ಬೆರೆಯಲಿಲ್ಲವೇಕೆ?

ಅಂತರ್ಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಂಚರಿಸುವುದು. ಪೊಟ್ಟಣದ ಮೇಲಿನ ವಿಳಾಸವು ಅದನ್ನು ಮನೆಯ ಹೊಸ್ತಿಲಿಗೆ ಮುಟ್ಟಿಸಬಲ್ಲುದೇ ಹೊರತು, ಆ ಅವಿಭಕ್ತ ಕುಟುಂಬದಲ್ಲಿ ಅದು ಯಾರಿಗೆ ಸೇರಿದ್ದೆಂದು ಹೇಳಲಾರದು. ಅದನ್ನು ಹೇಳುವುದು ಪೋರ್ಟ್ ಎಂಬ ಸಂಖ್ಯೆ. ಹೆಸರು ಕೇಳಿ ಫೋನಿನ ತಳದಲ್ಲಿರುವ ತೂತನ್ನು ನೋಡಬೇಡಿರಿ; ಇದು 16 ಬಿಟ್‌ಗಳ ಬರಿಯ ಅಂಕಿ. ಆದುದರಿಂದ 0 ಯಿಂದ 65,535 ರವರೆಗೆ ಯಾವ ಸಂಖ್ಯೆಯಾದರೂ ಆಗಬಹುದು. ಯಾವ ಸೇವೆಗೆ ಯಾವ ಸಂಖ್ಯೆಯೆಂಬ ಗೊತ್ತುವಳಿಯನ್ನು ಅಮೆರಿಕದ ಜಾನ್ ಪೋಸ್ಟೆಲ್ 1972 ರಲ್ಲಿಯೇ ಸೂಚಿಸಿದ್ದರು. ಇಂದು ಮಿಂಚಂಚೆಯ ಸರ್ವರುಗಳು ಪರಸ್ಪರ ಮಾತನಾಡಲು 25, ಸುರಕ್ಷಿತ ಜಾಲಪುಟಗಳಿಗೆ 443, ಎಕ್ಸ್‌ಎಂಪಿಪಿ ಎಂಬ ಸಂದೇಶ ಪದ್ಧತಿಗೆ 5222 ಗೊತ್ತಾಗಿವೆ. ಇವು ಸರ್ವರಿನ ಕಡೆಯ ಸಂಖ್ಯೆಗಳು. ಫೋನು ತನ್ನ ಕಡೆಗೆ ಪ್ರತಿ ಸಂಪರ್ಕಕ್ಕೂ ಒಂದೊಂದು ತಾತ್ಕಾಲಿಕ ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ: ಹಾಡಿಗೆ 51,344 ಆದರೆ ಸಂದೇಶಕ್ಕೆ 51,350. ಗೊಂದಲಕ್ಕೆ ಅವಕಾಶವೆಲ್ಲಿ?

ನಿಜವಾದ ತೊಡಕು ಬೇರೆಯೇ ಇದೆ. ಹಳೆಯ ಪದ್ಧತಿಯ ವಿಳಾಸಗಳು ಜಗತ್ತಿಗೆಲ್ಲ ಸುಮಾರು 429 ಕೋಟಿ ಮಾತ್ರ. ಅವು ಸಾಲದೆ, ಮೊಬೈಲ್ ಜಾಲಗಳಲ್ಲಿ ಅನೇಕ ಫೋನುಗಳು ಒಂದೇ ವಿಳಾಸವನ್ನು ಹಂಚಿಕೊಳ್ಳುವುದುಂಟು. ಇಡೀ ಊರಿಗೆ ಒಂದೇ ಅಗಸಿ ಇದ್ದಂತೆ! ಅಲ್ಲಿನ ವಾಲೀಕಾರನು, ಎಂದರೆ ಜಾಲದ ಹೆಬ್ಬಾಗಿಲ ಯಂತ್ರವು, ಹೊರಹೋದವರ ಪೋರ್ಟ್ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಮರಳಿ ಬಂದ ಉತ್ತರವನ್ನು ಆಯಾ ಫೋನಿಗೆ ಕಳುಹಿಸುತ್ತದೆ. ಒಳಗಿನಿಂದ ಯಾರೂ ಕರೆಯದಿದ್ದರೆ ಹೊರಗಿನವರಿಗೆ ಪ್ರವೇಶವಿಲ್ಲ. ಹಾಗಾದರೆ ತಂಗಿಯ ಸಂದೇಶವು ತಾನಾಗಿಯೇ ಹೇಗೆ ಬಂದಿತು? ಅಣ್ಣನ ಫೋನು ಮೊದಲೇ ಸರ್ವರಿಗೆ ಕರೆ ಮಾಡಿ ಆ ಸಂಪರ್ಕವನ್ನು ಮುಚ್ಚದೆ ಕಾದಿತ್ತು. ಬಹುಹೊತ್ತು ಮೌನವಾಗಿದ್ದರೆ ವಾಲೀಕಾರನು ಹೆಸರನ್ನು ಅಳಿಸಿಬಿಡುವನು. ಆದುದರಿಂದ ಫೋನು ಆಗಾಗ "ಇದ್ದೇನೆ" ಎಂಬ ಕಿರುಪೊಟ್ಟಣವನ್ನು ಕಳುಹಿಸುತ್ತಿರಬೇಕು. ಪ್ರತಿಯೊಂದು ಆ್ಯಪ್ ಹೀಗೆ ಮಾಡತೊಡಗಿದರೆ ಬ್ಯಾಟರಿ ಉಳಿದೀತೇ? ಅದಕ್ಕಾಗಿಯೇ ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ 5228, ಐಫೋನುಗಳು 5223 ಎಂಬ ಪೋರ್ಟಿನೊಡನೆ ಒಂದೇ ಸಂಪರ್ಕವನ್ನು ಜೀವಂತವಾಗಿಟ್ಟು, ಎಲ್ಲ ಆ್ಯಪ್‌ಗಳ ಸೂಚನೆಗಳನ್ನೂ ಅದರ ಮೂಲಕವೇ ತರಿಸಿಕೊಳ್ಳುತ್ತವೆ.

ವಸತಿನಿಲಯವೊಂದರ ವೈಫೈಯಲ್ಲಿ ಜಾಲಪುಟಗಳು ತೆರೆದರೂ ಸಂದೇಶಗಳು ಬಾರದಿದ್ದುದನ್ನು ನಾನು ಕಂಡಿದ್ದೇನೆ. ವಿದ್ಯಾರ್ಥಿಗಳು ಫೋನನ್ನು ಬೈದರು. ಕಾರಣ ಸರಳವಾಗಿತ್ತು: ಅಲ್ಲಿ 80 ಮತ್ತು 443 ರ ಹೊರತು ಉಳಿದೆಲ್ಲ ಪೋರ್ಟುಗಳಿಗೂ ತಡೆಯಿತ್ತು. ಇಂತಹ ಪ್ರಸಂಗವನ್ನು ಬಲ್ಲ ಹಲವು ಆ್ಯಪ್‌ಗಳು ಈಗ ತಮ್ಮ ಪೋರ್ಟಿನಲ್ಲಿ ದಾರಿ ಸಿಗದಾಗ 443 ನ್ನೇ ಹಿಡಿಯುತ್ತವೆ.